ವರವು ಚೆಲವು

ಮಲಯಾಳದಲ್ಲಿ ವರವು ಎಂದರೆ ಜಮೆ,
ಚೆಲವು ಎಂದರೆ ಖರ್ಚು.
ಕುಂಬಳೆಯಲ್ಲಿ ಹದಿನೇಳು ವರ್ಷ ಜೆರಾಕ್ಸ್ ಅಂಗಡಿ ಇಟ್ಟೂ
ನನ್ನ ಕಿವಿ ಮಾತ್ರ ಇನ್ನೂ ಕನ್ನಡ ಶಾಲೆಯ ಬೆಂಚಿನಲ್ಲೇ ಕೂತಿದೆ:
ಯಾರೋ ಮೇಲಿನವರು ಕೊಟ್ಟದ್ದು ವರವು,
ಅದು ಕರಗುವಾಗ ಕಾಣುವುದು ಚೆಲುವು.

ಪೆರಿಯಪದವು ಪಂಚಾಯತಿನ ಆಡಿಟ್ ವರದಿ ಬಂದಿದೆ
ಕನ್ನಡ ಮಾಡಲು. ಪುಟಕ್ಕೆ ಎಂಬತ್ತು ರೂಪಾಯಿ.
ಶುಕ್ರವಾರ ಗ್ರಾಮಸಭೆ. ಈಚೆಯ ವಾರ್ಡಿನವರಿಗೆ
ಅವರ ಭಾಷೆಯಲ್ಲೇ ಓದಿ ಹೇಳಬೇಕಂತೆ.
ಕೇಳಿದವರನ್ನು ನಾನು ಇದುವರೆಗೆ ನೋಡಿಲ್ಲ.
ಆದರೂ ಒಂದು ಒತ್ತಕ್ಷರ ತಪ್ಪಿದರೆ ರಾತ್ರಿ ನಿದ್ದೆ ಹತ್ತುವುದಿಲ್ಲ.

ಮಾಲಿನ್ಯ ಅಂದರೆ ಅವರಲ್ಲಿ ಬರೀ ಕಸ.
ನಮ್ಮಲ್ಲಿ ಅದು ಹೊಗೆಗೆ, ಹೊಳೆಗೆ, ಮನಸ್ಸಿಗೂ ತಗಲುವಂಥದ್ದು.
ಕಸ ಎಂದೇ ಬರೆದೆ. ಎರಡೇ ಅಕ್ಷರ,
ಗುಡಿಸಿದರೆ ಹೋದೀತು ಅನ್ನಿಸುವ ಹಾಗೆ.

ಖಂಡಿಕೆ ಒಂಬತ್ತು:
ಪ್ಲಾಸ್ಟಿಕ್ ವಿಂಗಡಿಸುವ ಶೆಡ್ಡು, ಮೂವತ್ತೆಂಟು ಲಕ್ಷ.
ಯಂತ್ರ ಬಂದು ಮೂರು ಮಳೆಗಾಲ ಕಳೆಯಿತು, ಕರೆಂಟು ಬಂದಿಲ್ಲ.
(ಬೆಲ್ಟಿನ ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ
ಪಕ್ಕದ ಮನೆಯವರ ಒಣಮೀನು. ಇದು ವರದಿಯಲ್ಲಿಲ್ಲ.)
ಷರಾ: ಸೂಕ್ತ ವಿವರಣೆ ಪಡೆದು ಕ್ರಮಬದ್ಧಗೊಳಿಸಬಹುದು.

ಖಂಡಿಕೆ ಹದಿನಾಲ್ಕು:
ಕಸದ ಕೈಗಾಡಿ ಎರಡು. ಪರಿಶೀಲನೆಯ ದಿನ ಕಂಡುಬಂದಿಲ್ಲ.
ನಾನು ಕಂಡಿದ್ದೇನೆ. ಒಂದು, ಮೀನು ಮಾರ್ಕೆಟಿನ ಹಿಂದೆ
ಮೊಯ್ದೀನಬ್ಬನ ಐಸಿನ ಪೆಟ್ಟಿಗೆ ಹೊರುತ್ತದೆ,
ಶುಚಿತ್ವ ಎಂದು ಬರೆದ ಅಕ್ಷರಗಳ ಮೇಲೆ
ಬಂಗುಡೆಯ ನೀರು ಇಳಿಸಿಕೊಂಡು.
ಇನ್ನೊಂದರದ್ದು ನನಗೆ ಚಕ್ರ ಮಾತ್ರ ಗೊತ್ತು.
ಅನುವಾದಕ್ಕೆ ಸಾಕ್ಷಿ ಹೇಳುವ ಹಕ್ಕಿಲ್ಲ;
ಕಂಡುಬಂದಿಲ್ಲ ಎಂದೇ ಒತ್ತಿದೆ.

ಖಂಡಿಕೆ ಇಪ್ಪತ್ತೊಂದು ಅರ್ಧ ಪುಟವೂ ಇಲ್ಲ.
ಮನೆಮನೆಯ ಕಸದ ಶುಲ್ಕ. ಹಸಿರು ಸೇನೆಯ ಕಾರ್ಯಕರ್ತೆ, ಆರನೇ ವಾರ್ಡು,
ಇಪ್ಪತ್ತೇಳು ಮನೆಗೆ ರಶೀದಿ ಹರಿದಿದ್ದಾರೆ, ಹಣ ಕಟ್ಟಿಲ್ಲ.
ಮನೆಗೆ ಐವತ್ತರಂತೆ ಸಾವಿರದ ಮುನ್ನೂರ ಐವತ್ತು.
ಈಡಾಕ್ಕಣಂ, ಎಂದಿದೆ ಕೊನೆಗೆ.

ಈಡಾಗಬೇಕು ಎಂದು ಕೇಳಿತು ಕಿವಿ.
ವಸೂಲು ಮಾಡತಕ್ಕದ್ದು ಎಂದು ಬರೆಯಿತು ಬೆರಳು.

ಹೆಸರಿಲ್ಲ ಅದರಲ್ಲಿ. ನಳಿನಾಕ್ಷಿ ಅಂತ ನನಗೆ ಗೊತ್ತು.
ಕಸದ ರಶೀದಿ ಇಲ್ಲದಿದ್ದರೆ ವಾಸದ ಪತ್ರ ಇಲ್ಲ ಎಂದು
ಕೌಂಟರಿನಿಂದ ತಿರುಗಿ ಬಂದವರಿಗೆ,
ಪೆನ್ಶನಿನ ಅರ್ಜಿ ಸೆರಗಿಗೆ ಕಟ್ಟಿಕೊಂಡ ಬೀಫಾತುಮ್ಮನಂಥವರಿಗೆ
ಜಗಲಿಯಲ್ಲೇ ಕೂತು ಬರೆದು ಕೊಟ್ಟಳು, ಆಮೇಲೆ ಕೊಡಿ ಎಂದಳು.
ಆಮೇಲೆ ಎಂಬ ತಾರೀಕಿಗೆ
ಯಾವ ಪುಸ್ತಕದಲ್ಲೂ ಕಾಲಂ ಇಲ್ಲ.

ಗುರುವಾರ ಬಂದಳು, ಭುಜಕ್ಕೆ ಗೋಣಿ, ಬೆರಳು ಹರಿದ ಗ್ಲೌಸು.
ಟೋನರಿನ ಡಬ್ಬ ತೆಗೆದುಕೊಂಡಳು. ಹಾಳಾದ ಪ್ರತಿಗಳು ಬೇಡವೆಂದಳು:
ಈ ತಿಂಗಳು ಪ್ಲಾಸ್ಟಿಕ್ ಮಾತ್ರ, ಕಾಗದ ಮುಂದಿನ ತಿಂಗಳು.
ಅವಳಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬಾರದು.
ನಾಳೆ ಅವಳ ಮೇಲಿನ ಮಾತನ್ನು
ನನ್ನ ಕನ್ನಡದಲ್ಲೇ ಕೇಳಬೇಕು.

"ವರದಿಯಲ್ಲಿ ನಮ್ಮದು ಏನಾದರೂ ಉಂಟಾ ಅಕ್ಕ?"

ಪ್ರಿಂಟರಿನಲ್ಲಿ ಪುಟ ಇನ್ನೂ ಬಿಸಿಯಿತ್ತು. ಕೊಟ್ಟೆ.
ನಿಂತೇ ಓದಿದಳು, ತುಟಿ ಆಡಿಸುತ್ತಾ, ಎರಡು ಸಲ.
"ಇಪ್ಪತ್ತೇಳಲ್ಲ," ಎಂದಳು, "ಇಪ್ಪತ್ತೊಂಬತ್ತು.
ಎರಡು ಅವರಿಗೆ ಸಿಕ್ಕಿಲ್ಲ."

ನನ್ನ ಐವತ್ತು ಎಣಿಸಿ ಒಳಗಿಟ್ಟಳು. ರಶೀದಿ ಬರೆದಳು.
ಕಾರ್ಬನ್ ಸರಿ ಮೂಡಿದೆಯೇ ಎಂದು
ಅಡಿಯ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು.